ಸ್ಕೀಮಾ ಒಂದಿದ್ದರೆ ಸಾಕು, ಟೈಪ್‌ಸ್ಕ್ರಿಪ್ಟ್ ತಾನೇ ಬರುತ್ತದೆ

ಸರ್ವರ್ ಕಡೆಯವರು ಒಂದು ಫೀಲ್ಡ್‌ನ ಹೆಸರು ಬದಲಿಸುತ್ತಾರೆ. ನಿಮ್ಮ ಟೈಪ್‌ಸ್ಕ್ರಿಪ್ಟ್ ಇಂಟರ್‌ಫೇಸ್‌ನಲ್ಲಿ, ಅಂದರೆ ಡೇಟಾದಲ್ಲಿ ಯಾವ ಯಾವ ಫೀಲ್ಡ್ ಇರಬೇಕು ಎಂದು ಬರೆದಿಡುವ ಟೈಪ್‌ನಲ್ಲಿ, ಹಳೇ ಹೆಸರೇ ಉಳಿದಿರುತ್ತದೆ. ಕಂಪೈಲರ್ ತೆಪ್ಪಗಿರುತ್ತದೆ, ಸ್ಕ್ರೀನ್ ಮೇಲೆ ಮಾತ್ರ 'ಅನ್‌ಡಿಫೈನ್ಡ್' ಕಾಣಿಸುತ್ತದೆ. ಒಂದೇ ಡೇಟಾದ ವಿವರವನ್ನು ಎರಡು ಕಡೆ ಕೈಯಾರೆ ಬರೆದರೆ ಆಗುವುದೇ ಹೀಗೆ, ಅಲ್ವಾ? ಅದನ್ನು ಜೇಸನ್ ಸ್ಕೀಮಾ (ಡೇಟಾ ಹೇಗಿರಬೇಕು ಎಂದು ವಿವರಿಸುವ) ಫೈಲಿನಲ್ಲಿ ಮಾತ್ರ ಬರೆದು, ಟೈಪ್‌ಗಳನ್ನು ಅಲ್ಲಿಂದಲೇ ತೆಗೆಯೋಣ.

ಪುಸ್ತಕದ ಮಾಹಿತಿ ಬೇಕು ಅಂದುಕೊಳ್ಳಿ. ಸ್ಕೀಮಾದ 'ಟೈಟಲ್'ನಲ್ಲಿ 'ಬುಕ್' ಎಂದು ಹಾಕಿ. ಇಂಟರ್‌ಫೇಸ್‌ಗೆ ಅದೇ ಹೆಸರು ಬರುತ್ತದೆ. 'ಪ್ರಾಪರ್ಟೀಸ್' ಒಳಗೆ ಹೆಸರಿಗೆ ಸ್ಟ್ರಿಂಗ್, ಪುಟಗಳಿಗೆ ಇಂಟಿಜರ್. ಪುಸ್ತಕ ಒಳಗಿದೆಯೋ ಹೊರಗೆ ಹೋಗಿದೆಯೋ ಎನ್ನುವುದಕ್ಕೆ ಎರಡೇ ವ್ಯಾಲ್ಯೂ ಇರುವ 'ಎನಮ್' ಕೊಡಿ, ಅದು 'ಇವೆರಡರಲ್ಲಿ ಒಂದು' ಎನ್ನುವ ಯೂನಿಯನ್ ಟೈಪ್ ಆಗುತ್ತದೆ.

ಇಲ್ಲಿ ಅವಸರ ಬೇಡ. 'ರಿಕ್ವೈರ್ಡ್' ಪಟ್ಟಿಯಲ್ಲಿ ಇಲ್ಲದ ಫೀಲ್ಡ್‌ಗೆಲ್ಲ ಪ್ರಶ್ನಾರ್ಥಕ ಚಿಹ್ನೆ ಅಂಟಿಕೊಳ್ಳುತ್ತದೆ, ಅಂದರೆ ಅದು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಮೊದಲ ಸಲ ನಾನು ಆ ಪಟ್ಟಿಯನ್ನೇ ಮರೆತಿದ್ದೆ. ಕೋಡ್ ತುಂಬಾ 'ಇಫ್' ತುರುಕಿ ತುರುಕಿ ಸಾಕಾಯಿತು. ತಪ್ಪು ಸ್ಕೀಮಾದಲ್ಲಿದೆ ಅಂತ ಹೊಳೆದಿದ್ದು ಎರಡು ದಿನ ಬಿಟ್ಟು. 'ಅಡಿಷನಲ್ ಪ್ರಾಪರ್ಟೀಸ್' ಕೂಡ ಹೀಗೇ ಕಾಡುತ್ತದೆ. ಅದನ್ನು 'ಫಾಲ್ಸ್' ಮಾಡದಿದ್ದರೆ 'ಯಾವ ಹೆಸರಿನ ಫೀಲ್ಡ್ ಆದರೂ ಸೈ' ಎನ್ನುವ ಸಾಲೊಂದು ಇಂಟರ್‌ಫೇಸ್‌ಗೆ ಸೇರುತ್ತದೆ. ಆಮೇಲೆ ಸ್ಪೆಲ್ಲಿಂಗ್ ತಪ್ಪಿದ ಹೆಸರನ್ನೂ ಕಂಪೈಲರ್ ಸುಮ್ನೆ ಒಪ್ಪಿಕೊಳ್ಳುತ್ತದೆ.

ಮುಂದಿನದು ಸಲೀಸು. 'ಜೇಸನ್-ಸ್ಕೀಮಾ-ಟು-ಟೈಪ್‌ಸ್ಕ್ರಿಪ್ಟ್' ಪ್ಯಾಕೇಜನ್ನು ಎನ್‌ಪಿಎಂ (ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳನ್ನು ತರುವ ಸಾಧನ) ಮೂಲಕ ಹಾಕಿಕೊಳ್ಳಿ. ಅದರ ಕಮಾಂಡ್‌ಗೆ ಸ್ಕೀಮಾ ಫೈಲನ್ನೂ ಟೈಪ್‌ಗಳು ಎಲ್ಲಿ ಬೀಳಬೇಕು ಎಂಬುದನ್ನೂ ತಿಳಿಸಿ. ಬಿಲ್ಡ್‌ಗಿಂತ ಮೊದಲು ತಾನಾಗಿ ಓಡುವಂತೆ ಸ್ಕ್ರಿಪ್ಟ್‌ನಲ್ಲಿ ಸೇರಿಸಿಬಿಡಿ. ಹುಟ್ಟಿದ ಫೈಲಿಗೆ ಕೈ ಹಚ್ಚಬೇಡಿ, ಮುಂದಿನ ಸಲ ಕಮಾಂಡ್ ಓಡಿದಾಗ ನಿಮ್ಮ ತಿದ್ದುಪಡಿ ಮಾಯ.

ಸ್ಕೀಮಾದಲ್ಲಿ ಇದ್ದದ್ದೆಲ್ಲ ಟೈಪ್‌ಗೆ ಬರುವುದಿಲ್ಲ. ಇಂಟಿಜರ್ ಬರೀ 'ನಂಬರ್' ಆಗುತ್ತದೆ, 12.5 ಪುಟ ಎಂದರೂ ಕಂಪೈಲರ್‌ಗೆ ತಕರಾರಿಲ್ಲ. ತಾರೀಖು ಬರೀ ಸ್ಟ್ರಿಂಗ್. ಜಾವಾಸ್ಕ್ರಿಪ್ಟ್ ಆಗುವಾಗ ಟೈಪ್‌ಗಳೇ ಅಳಿಸಿಹೋಗುವುದರಿಂದ, ನೆಟ್‌ನಿಂದ ಬಂದ ತಪ್ಪು ಡೇಟಾವನ್ನು ತಡೆಯುವವರು ಯಾರೂ ಇರುವುದಿಲ್ಲ. ಅದಕ್ಕೆ ಇದೇ ಸ್ಕೀಮಾವನ್ನು, ಡೇಟಾ ಅದಕ್ಕೆ ಹೊಂದುತ್ತದೆಯೇ ಎಂದು ನೋಡುವ 'ಎಜೆವಿ' ಲೈಬ್ರರಿಗೂ ಕೊಟ್ಟು, ಡೇಟಾ ಒಳಗೆ ಬರುವ ಜಾಗದಲ್ಲೇ ಪರೀಕ್ಷಿಸಿ.

ಜೇಸನ್ ಸ್ಕೀಮಾ ಬದಲು ಪ್ರೊಟೊಬಫ್ (ಡೇಟಾದ ವಿವರ ಬರೆಯುವ ಇನ್ನೊಂದು ಪದ್ಧತಿ) ಬಳಸುವವರಿಗೆ ಇನ್ನೊಂದು ಮಾತು. 64 ಬಿಟ್ ಸಂಖ್ಯೆಯನ್ನು 'ನಂಬರ್' ಆಗಲು ಬಿಟ್ಟರೆ 9007199254740991 ದಾಟಿದ ಮೇಲೆ ಕೊನೆಯ ಅಂಕಿಗಳು ತಪ್ಪಬಹುದು. ಅಂಥ ದೊಡ್ಡ ಸಂಖ್ಯೆಗಳನ್ನು ಸ್ಟ್ರಿಂಗ್ ಆಗಿ ಹೊರಡಿಸುವ ಆಯ್ಕೆ ನಿಮ್ಮ ಟೈಪ್ ಹುಟ್ಟಿಸುವ ಜನರೇಟರ್‌ನಲ್ಲಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.