ಗಿಟಾರಿನಲ್ಲಿ ಸರಳೆ ವರಸೆ: ನನ್ನ ಅನುಭವ

ಗಿಟಾರ್ ಹಿಡಿದವರಿಗೆಲ್ಲ ಮೊದಲು ಸಿಗುವ ಅಭ್ಯಾಸ 1-2-3-4. ಒಂದೊಂದು ತಂತಿಯಲ್ಲೂ ನಾಲ್ಕು ಫ್ರೆಟ್ (ಗಿಟಾರಿನ ಕತ್ತಿನ ಮೇಲೆ ಲೋಹದ ಪಟ್ಟಿಗಳ ನಡುವಿನ ಮನೆ), ನಾಲ್ಕು ಬೆರಳು, ಮೇಲಿಂದ ಕೆಳಗೆ, ಆಮೇಲೆ ವಾಪಸ್. ಕೆಲಸಕ್ಕೆ ಬರುತ್ತದೆ, ಇಲ್ಲ ಅನ್ನಲ್ಲ. ಆದರೆ ಅದರಲ್ಲಿ ರಾಗವೂ ಇಲ್ಲ ಏನೂ ಇಲ್ಲ, ಸ್ವಲ್ಪ ಹೊತ್ತಿಗೆ ಕೈ ಒಂದು ಕಡೆ, ತಲೆ ಇನ್ನೊಂದು ಕಡೆ. ಚಿಕ್ಕಂದಿನಲ್ಲಿ ಸಂಗೀತ ಪಾಠಕ್ಕೆ ಹೋಗಿದ್ದರಿಂದ ಸರಳೆ ವರಸೆ, ಅಂದರೆ ಕರ್ನಾಟಕ ಸಂಗೀತದ ಮೊದಲ ಸ್ವರಪಾಠ, ನನಗೆ ಬಾಯಲ್ಲೇ ಇತ್ತು. ಅದನ್ನೇ ಗಿಟಾರಿಗೆ ತಂದೆ. ಈಗ ನನ್ನ ಅಭ್ಯಾಸದಲ್ಲಿ ಮುಕ್ಕಾಲು ಪಾಲು ಅದೇ.

ಪುರಂದರದಾಸರು ಹಾಕಿಕೊಟ್ಟದ್ದು ಎನ್ನುವ ಈ ಪಾಠ ಮಾಯಾಮಾಳವಗೌಳ ರಾಗದಲ್ಲಿದೆ, ಗೊತ್ತಲ್ವಾ. ತೆಳು ತಂತಿಯಿಂದ ಎಣಿಸಿದರೆ 5ನೇ ತಂತಿಯ 3ನೇ ಫ್ರೆಟ್, ಅಂದರೆ ಸಿ, ನನ್ನ ಷಡ್ಜ (ಸ). ರಿ ಪಕ್ಕದ 4ರಲ್ಲಿ. ಗ, ಮ, ಪ, ದ 4ನೇ ತಂತಿಯ 2, 3, 5, 6ರಲ್ಲಿ. ನಿ ಮತ್ತು ಮೇಲಿನ ಸ 3ನೇ ತಂತಿಯ 4, 5ರಲ್ಲಿ. ತೋರುಬೆರಳು 2ಕ್ಕೆ, ಮಧ್ಯದ ಬೆರಳು 3ಕ್ಕೆ, ಹೀಗೆ ಒಂದು ಫ್ರೆಟ್‌ಗೆ ಒಂದು ಬೆರಳು. ದ ಮಾತ್ರ ಈ ಅಳತೆಯಿಂದ ಹೊರಗೆ ಬೀಳುತ್ತದೆ, ಪ ಒತ್ತಿದ ಕಿರುಬೆರಳೇ ಅಲ್ಲಿಗೆ ಜಾರಬೇಕು. ಸುಮ್ನೆ ಗಾಳಿಯಲ್ಲಿ ನಿಂತಿರುತ್ತಿದ್ದ ನನ್ನ ಕಿರುಬೆರಳಿಗೆ ಬಲ ಬಂದದ್ದು ಇದರಿಂದಲೇ.

ಇನ್ನು ವೇಗ. ತಾಳ ಬಡಿಯುವ ಮೆಟ್ರೋನೋಮನ್ನು ಐದೈದರಂತೆ ಏರಿಸುತ್ತಾ ಹೋಗುವುದು ಎಲ್ಲರ ರೂಢಿ. ನಾನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು ಅಲ್ಲೇ ಬಿಡುತ್ತೇನೆ. ಒಂದನೇ ಕಾಲದಲ್ಲಿ (ಕಾಲ ಅಂದರೆ ವೇಗ) ಬಡಿತಕ್ಕೆ ಒಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ತಾಳ ಕದಲುವುದಿಲ್ಲ, ಅದರೊಳಗೆ ಕೈ ಮಾತ್ರ ಓಡುತ್ತದೆ, ಆದ್ದರಿಂದ ಓಡುವಾಗಲೂ ಎಲ್ಲಿದ್ದೇನೆ ಅಂತ ಗೊತ್ತಿರುತ್ತದೆ. ಜಾಸ್ತಿ ಕಷ್ಟ ಒಂದನೇ ಕಾಲವೇ! ಪ್ರತಿ ಸ್ವರ ಪೂರ್ತಿ ಒಂದು ಸೆಕೆಂಡ್ ನಿಲ್ಲಬೇಕು. ತಂತಿ ಗರ್ ಅಂದದ್ದು, ಬೆರಳು ಬೇಗ ಎದ್ದದ್ದು, ಎರಡು ಸ್ವರಗಳ ನಡುವೆ ಸದ್ದು ಕಡಿದದ್ದು ಎಲ್ಲ ಕಿವಿಗೆ ಬೀಳುತ್ತದೆ. ಮೂರನೇ ಕಾಲ ಎಡವಿದರೆ ಮೆಟ್ರೋನೋಮನ್ನು 50ಕ್ಕೆ ಇಳಿಸಿ ಮೂರೂ ಕಾಲ ಮತ್ತೆ ಮೊದಲಿಂದ.

ಬಲಗೈಗೆ ಜಂಟಿ ವರಸೆ, ಅಂದರೆ ಪ್ರತಿ ಸ್ವರವೂ ಎರಡೆರಡು ಸಲ ಬರುವ ಪಾಠ. ಸಸ ರಿರಿ ಗಗ ಮಮ. ಮೊದಲ ಸ್ವರಕ್ಕೆ ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಕೆಳಕ್ಕೆ, ಎರಡನೆಯದಕ್ಕೆ ಮೇಲಕ್ಕೆ. ಹಾಡುವಾಗ ಜಂಟಿಯಲ್ಲಿ ಒತ್ತು ಬೀಳುವುದು ಎರಡನೆಯದರ ಮೇಲೆ. ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿ ಮೇಲಕ್ಕೆ ಹೊಡೆಯುವ ಏಟೇ ಸಪ್ಪೆ, ಇಲ್ಲಿ ಅದನ್ನೇ ಗಟ್ಟಿಯಾಗಿ ಹೊಡೆಯಬೇಕು. ಇದು ಕೂತ ಮೇಲೆ ಎರಡನೇ ಸ್ವರವನ್ನು ಅದರ ಕೆಳಗಿನ ಸ್ವರದಿಂದ ಚಿಮ್ಮಿಸಲು ಶುರು ಮಾಡಿದೆ. ಕೆಳಗಿನದನ್ನು ಮೀಟಿ, ತಕ್ಷಣ ಮುಂದಿನ ಬೆರಳನ್ನು ಟಪ್ ಅಂತ ಇಳಿಸುವುದು, ಹ್ಯಾಮರ್-ಆನ್ ಅಂತಾರಲ್ಲ ಅದೇ. ರಿ, ಮ, ಮೇಲಿನ ಸ ಇವಕ್ಕೆ ಕೆಳಗಿನ ಸ್ವರ ಅದೇ ತಂತಿಯಲ್ಲಿ ಪಕ್ಕದಲ್ಲೇ ಇದೆ, ಸುಲಭ. ದಕ್ಕೂ ಪಕ್ಕದಲ್ಲೇ ಇದೆ, ಆದರೆ ಜಾರಿಸಬೇಕು. ಪಕ್ಕೆ ಕೆಳಗಿನ ಮ ಅದೇ ತಂತಿಯಲ್ಲಿ ಎರಡು ಫ್ರೆಟ್ ಹಿಂದಿದೆ. ಗ, ನಿ ಇವಕ್ಕೆ ತಂತಿ ದಾಟಬೇಕು, ಅಲ್ಲಿ ನಾನು ಬರೀ ಒತ್ತಿನಲ್ಲೇ ಸುಧಾರಿಸುತ್ತೇನೆ.

ಇದೇನು ಕರ್ನಾಟಕ ಸಂಗೀತ ನುಡಿಸುವ ದಾರಿ ಅಲ್ಲ ಮತ್ತೆ. ಗಿಟಾರಿನಲ್ಲೇ ಕರ್ನಾಟಕ ಸಂಗೀತ ನುಡಿಸುವ ಗಿಟಾರ್ ಪ್ರಸನ್ನ ಅವರ ಗಮಕ (ಸ್ವರವನ್ನು ಓಲಾಡಿಸುವ ಬಗೆ) ಕೇಳಿದರೆ ಅದು ಬೇರೆಯದೇ ವಿದ್ಯೆ ಅಂತ ತಿಳಿಯುತ್ತದೆ. ನನ್ನದು ಬೆರಳಿನ ಕಸರತ್ತು ಅಷ್ಟೇ.

ಕಾರ್ಡ್‌ಗಳಿಗೆ, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿಗೆ, ಬೇರೆ ಲೆಕ್ಕ. ಒಂದು ನಿಮಿಷ ಟೈಮರ್ ಇಟ್ಟು ಸಿ ಇಂದ ಎಫ್‌ಗೆ ಎಷ್ಟು ಸಲ ಸ್ವಚ್ಛವಾಗಿ ಬದಲಾಯಿತು ಅಂತ ಎಣಿಸುತ್ತೇನೆ. ಎಫ್ ಬಾರೆಗೆ (ತೋರುಬೆರಳೊಂದೇ ಎಲ್ಲ ತಂತಿಗಳನ್ನೂ ಅಡ್ಡಲಾಗಿ ಒತ್ತುವ ಹಿಡಿತ) ಹೆಬ್ಬೆರಳಿನಿಂದ ಹಿಂಡುವ ಬದಲು ತೋಳಿನ ಭಾರದಿಂದ ಕೈಯನ್ನು ಹಿಂದಕ್ಕೆ ಎಳೆದರೆ ಸಾಕು. ತೋರುಬೆರಳನ್ನು ಸ್ವಲ್ಪ ಮಗ್ಗುಲಿಗೆ ಹೊರಳಿಸಿ, ಎಲುಬಿನ ಅಂಚು ತಂತಿಗೆ ತಾಗಲಿ.

ಮಾಯಾಮಾಳವಗೌಳ ಸಲೀಸಾದ ಮೇಲೆ ಶಂಕರಾಭರಣಕ್ಕೆ ಹೋಗಿ. ರಿ, ದ ಎರಡನ್ನೂ ಒಂದೊಂದು ಫ್ರೆಟ್ ಏರಿಸಿದರೆ ಆಯಿತು, ಅದೇ ಪುಸ್ತಕಗಳಲ್ಲಿರುವ ಸಿ ಮೇಜರ್. ದ ಈಗ 3ನೇ ತಂತಿಯ 2ರಲ್ಲಿ ಸಿಗುವುದರಿಂದ ಜಾರುವ ಕಷ್ಟವೂ ಇಲ್ಲ. ಬೆರಳ ತುದಿ ಉರಿಯುವುದು ಮಾಮೂಲು, ಚರ್ಮ ಗಟ್ಟಿಯಾಗುತ್ತದೆ. ಮಣಿಕಟ್ಟು ನೋಯಲು ಶುರುವಾದರೆ ಮಾತ್ರ ಅವತ್ತಿಗೆ ಗಿಟಾರ್ ಕೆಳಗಿಡಿ.