ವಿವಿ ತಂಡ ಬೇಡ ಅಂದುಕೊಂಡವರಿಗೆ: ಕೊಡಗಿನಲ್ಲಿ ಕಾಲೇಜು ಓದುತ್ತಲೇ ಕ್ಲಬ್ ಹಾಕಿ

ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದರೆ ಹಾಜರಿಯಲ್ಲಿ ರಿಯಾಯಿತಿ, ಪ್ರಯಾಣಭತ್ಯೆ, ಪ್ರಮಾಣಪತ್ರ ಎಲ್ಲ ಉಂಟು. ಆದರೆ ಒಂದೇ ಟ್ರಯಲ್ಸ್, ಹದಿನೆಂಟೇ ಜಾಗ, ಕೋಚ್ ಹೇಳಿದ ದಿನ ಕ್ಯಾಂಪ್. ಕ್ಲಬ್‌ನಲ್ಲಿ ಇವು ಯಾವುವೂ ಇಲ್ಲ, ರಿಯಾಯಿತಿಯೂ ಇಲ್ಲ. ಟೂರ್ನಿಗೆ ಹೋದ ದಿನ ಗೈರುಹಾಜರಿಯೇ ಬೀಳುತ್ತದೆ. ಸೆಮಿಸ್ಟರಿನ ಮೊದಲ ವಾರವೇ ಎಷ್ಟು ದಿನ ತಪ್ಪಿಸಬಹುದೆಂದು ಲೆಕ್ಕ ಹಾಕಿ, ಅದರಲ್ಲಿ ಅರ್ಧವನ್ನು ಮಾತ್ರ ಆಟಕ್ಕೆ ಇಡಿ. ಉಳಿದರ್ಧ ಜ್ವರಕ್ಕೆ, ಮದುವೆಗೆ, ಪುತ್ತರಿ ಸುಗ್ಗಿ ಹಬ್ಬಕ್ಕೆ ಬೇಕಾಗುತ್ತದೆ.

ಅಂಗಳಕ್ಕೆ ಹನ್ನೊಂದು ಜನ ಸಾಕು, ಪಟ್ಟಿಯಲ್ಲಿ ಇಪ್ಪತ್ತೆರಡು ಹೆಸರಿರಲಿ. ಡಿಸೆಂಬರಿನಿಂದ ಕಾಫಿ ಕುಯ್ಲು ಶುರುವಾದರೆ ತೋಟದ ಮನೆಯ ಹುಡುಗರು ಭಾನುವಾರ ಸಿಗುವುದಿಲ್ಲ. ಪರೀಕ್ಷೆ ಬಂದರೆ ಇನ್ನು ನಾಲ್ವರು ಕಾಣೆ. ಒಂದೇ ಕಾಲೇಜಿನಲ್ಲಿ ಅಷ್ಟು ಜನ ಸಿಗದಿದ್ದರೆ ಗೋಣಿಕೊಪ್ಪ, ವಿರಾಜಪೇಟೆ, ಪೊನ್ನಂಪೇಟೆ ಸೇರಿಸಿ ಒಂದೇ ತಂಡ ಕಟ್ಟಿ. ಒಕ್ಕದ, ಅಂದರೆ ಕೊಡವ ಮನೆತನದ, ತಂಡವನ್ನೇ ಕ್ಲಬ್ ಅಂದುಕೊಳ್ಳಬೇಡಿ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ಬೇಸಿಗೆಯದು. ಅದು ಬಂತೆಂದರೆ ಕ್ಲಬ್‌ನ ಮುಕ್ಕಾಲು ಜನ ತಂತಮ್ಮ ಮನೆತನದ ಜರ್ಸಿ ಹಾಕಿಕೊಳ್ಳುತ್ತಾರೆ. ಆ ವಾರಗಳಲ್ಲಿ ಬೇರೆ ಪಂದ್ಯ ಒಪ್ಪಿಕೊಳ್ಳುವುದು ದಡ್ಡತನ.

ತಂಡ ಒಡೆಯುವುದು ಸಾಮಾನ್ಯವಾಗಿ ಗೋಲ್‌ಕೀಪರ್ ವಿಷಯಕ್ಕೆ. ಸ್ಟಿಕ್, ಶಿನ್‌ಗಾರ್ಡ್, ಮೌತ್‌ಗಾರ್ಡ್ ಅವರವರೇ ತರಲಿ. ಕೀಪರ್‌ನ ಹೆಲ್ಮೆಟ್, ಲೆಗ್‌ಗಾರ್ಡ್, ಕಿಕ್ಕರ್ (ಪಾದದ ಕವಚ), ಎದೆಗವಚ, ಕೈಗವಚ ಮಾತ್ರ ಕ್ಲಬ್ ದುಡ್ಡಿನಲ್ಲಿ ಬರಲಿ, ಮೊದಲ ಖರೀದಿ ಅದೇ ಆಗಲಿ. ಚೆಂಡು 156ರಿಂದ 163 ಗ್ರಾಂ ತೂಗುವ ಗಟ್ಟಿ ಉಂಡೆ, ಹಳೆಯ ಕ್ರಿಕೆಟ್ ಪ್ಯಾಡಿಗೆ ಅದನ್ನು ತಡೆಯುವ ಶಕ್ತಿಯಿಲ್ಲ. ಕೀಪರ್ ಬರದೇ ಹೋದರೆ ಹನ್ನೊಂದೂ ಜನ ಫೀಲ್ಡ್ ಆಟಗಾರರಾಗಿ ಇಳಿಯಲು ನಿಯಮದಲ್ಲಿ ಅವಕಾಶವಿದೆ. ಆದರೆ ಆಗ ಕಾಲಿನಿಂದ ತಡೆಯುವ ಹಕ್ಕು ಯಾರಿಗೂ ಇರುವುದಿಲ್ಲ. ಆದ್ದರಿಂದ ಇಬ್ಬರನ್ನು ಪಳಗಿಸಿ. ಕಿಟ್ ನೆನೆದರೆ ಒಲೆಯ ಪಕ್ಕ ಇಡಬೇಡಿ, ಫೋಮ್ ಗಟ್ಟಿಯಾಗಿ ಬಿರಿಯುತ್ತದೆ. ಗಾಳಿಯಾಡುವ ನೆರಳಲ್ಲಿ ಬಿಚ್ಚಿ ಹರಡಿ. ಚೀಲದೊಳಗೇ ಬಿಟ್ಟರೆ ನಮ್ಮ ತೇವಕ್ಕೆ ಒಂದೇ ವಾರದಲ್ಲಿ ಬೂಸ್ಟು.

ಸ್ಟಿಕ್ ನೆಲಕ್ಕೆ ಊರಿ ಪಕ್ಕಕ್ಕೆ ನಿಲ್ಲಿಸಿದರೆ ತುದಿ ಸೊಂಟದ ಮೂಳೆಯ ಹತ್ತಿರ ಬರಬೇಕು. ಹೆಚ್ಚಿನವರಿಗೆ 36.5 ಇಂಚು ಸರಿಹೋಗುತ್ತದೆ. ಹೊಸಬರಿಗೆ ಕಾರ್ಬನ್ ಕಡಿಮೆಯಿರುವ ಸ್ಟಿಕ್ಕೇ ಲೇಸು. ಕಾರ್ಬನ್ ಹೆಚ್ಚಾದರೆ ಹೊಡೆತ ಬಿರುಸಾಗುತ್ತದೆ, ಚೆಂಡು ಹಿಡಿಯುವಾಗ ಪುಟಿದು ದೂರ ಓಡುತ್ತದೆ.

ಅಭ್ಯಾಸ ವಾರಕ್ಕೆ ಎರಡು ದಿನ, ಒಂದೂವರೆ ಗಂಟೆ. ಹತ್ತು ನಿಮಿಷ ಮೈ ಬಿಸಿ, ಇಪ್ಪತ್ತು ನಿಮಿಷ ಜೋಡಿಯಾಗಿ ಪುಷ್ ಮತ್ತು ಸ್ಟಾಪ್, ಇಪ್ಪತ್ತು ನಿಮಿಷ ಮೂವರೆದುರು ಇಬ್ಬರು, ಹದಿನೈದು ನಿಮಿಷ ಪೆನಾಲ್ಟಿ ಕಾರ್ನರ್ (ಎದುರಾಳಿಯ ತಪ್ಪಿಗೆ ಸಿಗುವ, ಗೋಲಿನ ಪಕ್ಕದ ಗೆರೆಯಿಂದ ಚೆಂಡು ತಳ್ಳಿ ಶುರುಮಾಡುವ ದಾಳಿ), ಉಳಿದದ್ದು ಆಟ. ಕಾರ್ನರ್ ಕಡೆಗಣಿಸಬೇಡಿ, ಸಣ್ಣ ಟೂರ್ನಿಗಳು ಅಲ್ಲೇ ಗೆಲ್ಲುವುದು. ಚೆಂಡು ತಳ್ಳುವವನು, ನಿಲ್ಲಿಸುವವನು, ಹೊಡೆಯುವವನು ಯಾರೆಂದು ಗೊತ್ತು ಮಾಡಿ, ಆ ಮೂವರನ್ನು ವರ್ಷವಿಡೀ ಬದಲಿಸಬೇಡಿ. ಮೊದಲ ಹೊಡೆತ ಹಿಟ್ ಆದರೆ ಚೆಂಡು ಗೋಲಿನೊಳಗಿನ 460 ಮಿ.ಮೀ. ಎತ್ತರದ ಹಲಗೆಗಿಂತ ಮೇಲೆ ಗೋಲಿಗೆ ಹೋಗುವಂತಿಲ್ಲ. ಬೀಸಿ ಹೊಡೆಯದೆ ಸ್ಟಿಕ್ಕಿನಿಂದ ಚೆಂಡನ್ನು ಎತ್ತಿ ಎಸೆಯುವ ಫ್ಲಿಕ್‌ಗೆ ಆ ಮಿತಿಯಿಲ್ಲ.

ಊರ ಮೈದಾನದಲ್ಲಿ ಕಲಿತವರು ಪೊನ್ನಂಪೇಟೆಯ ಟರ್ಫಿಗೆ (ಕೃತಕ ಹುಲ್ಲಿನ ಅಂಗಳಕ್ಕೆ) ಇಳಿದಾಗ ಮೊದಲ ಹತ್ತು ನಿಮಿಷ ತಬ್ಬಿಬ್ಬು. ಮಣ್ಣಿನಲ್ಲಿ ಚೆಂಡು ಕುಪ್ಪಳಿಸುತ್ತದೆ, ಸ್ಟಿಕ್ ನೆಟ್ಟಗೆ ಹಿಡಿದು ತಡೆಯುತ್ತೇವೆ. ಟರ್ಫಿನಲ್ಲಿ ಅದು ನೆಲಕ್ಕಂಟಿ ಜಾರಿ ಬರುತ್ತದೆ, ಸ್ಟಿಕ್ ಮಲಗಿಸಬೇಕು, ಪಾಸ್ ಕೊಡುವವನು ಬಲ ತಗ್ಗಿಸಬೇಕು. ಟೂರ್ನಿಗೆ ಮುಂಚೆ ಎರಡು ಸಲವಾದರೂ ಅಲ್ಲಿ ಆಡಿ. ಮಣ್ಣಿಗೆ ರಬ್ಬರ್ ಗುಬ್ಬಿಯ ಬೂಟು, ಟರ್ಫಿಗೆ ಸಣ್ಣ ಗುಬ್ಬಿಯ ಬೂಟು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಮರೆತುಬಿಡಿ. ಕೆಸರಲ್ಲಿ ಆಡಿದರೆ ನೆಲ ಹಾಳು, ಕಣಕಾಲು ಹಾಳು, ಜಿಗಣೆ ಬೇರೆ. ಆ ತಿಂಗಳುಗಳಲ್ಲಿ ಸಭಾಂಗಣದಲ್ಲಿ ಐವರೈವರ ಆಟ, ಮೆಟ್ಟಿಲು ಓಟ ಇರಲಿ.

ದುಡ್ಡಿಗೆ ತಿಂಗಳ ವಂತಿಗೆ, ಬ್ಯಾಂಕ್ ಖಾತೆಗೆ ಇಬ್ಬರ ಜಂಟಿ ಸಹಿ. ಕ್ಲಬ್ ನೋಂದಾಯಿಸುವುದಾದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ಕನಿಷ್ಠ ಏಳು ಸದಸ್ಯರು ಬೇಕು. ಊರ ಟೂರ್ನಿ ಆಡಿಕೊಂಡಿರುವವರಿಗೆ ಆ ರಗಳೆ ಬೇಕಿಲ್ಲ. ಅಭ್ಯಾಸ ಮುಗಿಯುವ ಹೊತ್ತನ್ನು ಕೊನೆಯ ಬಸ್ಸಿಗೆ ಹೊಂದಿಸಿ. ಬಸ್ಸು ತಪ್ಪಿದವನು ಮುಂದಿನ ವಾರ ಬರುವುದಿಲ್ಲ.

ಅಂತಿಮ ವರ್ಷದವರು ಪರೀಕ್ಷೆಗೆ ಮುಂಚೆಯೇ ಖಾತೆಯ ಸಹಿ, ಕಿಟ್ ಪಟ್ಟಿ, ಬೀಗದ ಕೈ ಎರಡನೇ ವರ್ಷದವರಿಗೆ ಒಪ್ಪಿಸಲಿ. ಕೀ ಬೆಂಗಳೂರಿಗೆ ಹೋಗಿಬಿಟ್ಟರೆ ಅಕ್ಟೋಬರಿನಲ್ಲಿ ಹೊಸ ತಂಡದ ಮೊದಲ ಕೆಲಸ ಬೀಗ ಒಡೆಯುವುದು.