ಎಂಟು ಗಂಟೆ, ಎರಡು ಸಲ: ನನ್ನ ಸಿಸಿಐಇ ಲ್ಯಾಬ್ ಅನುಭವ

ಸಿಸಿಐಇ ಅಂದರೆ ನೆಟ್‌ವರ್ಕ್ ಎಂಜಿನಿಯರ್‌ಗಳಿಗೆ ಸಿಸ್ಕೋ ಕಂಪನಿ ಕೊಡುವ ದೊಡ್ಡ ಸರ್ಟಿಫಿಕೇಟ್. ಅದರ ಎಂಟರ್‌ಪ್ರೈಸ್ ಇನ್‌ಫ್ರಾಸ್ಟ್ರಕ್ಚರ್ ವಿಭಾಗದ ಲ್ಯಾಬ್ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದೆ, ಎರಡನೇ ಸಲ ಪಾಸಾದೆ. ನಿಜ ಹೇಳಬೇಕೆಂದರೆ ಎರಡೂ ಸಲ ನನಗೆ ಗೊತ್ತಿದ್ದದ್ದು ಹೆಚ್ಚುಕಡಿಮೆ ಅಷ್ಟೇ. ಬದಲಾಗಿದ್ದು ಕೆಲಸ ಮಾಡುವ ರೀತಿ.

ಪರೀಕ್ಷೆ ಹೇಗಿರುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ಎನ್‌ಕೋರ್ ಅನ್ನೋ 2 ಗಂಟೆಯ ಪರೀಕ್ಷೆ ಪಾಸಾದ ಮೇಲೆ ಲ್ಯಾಬ್‌ಗೆ ಕೂರಬಹುದು. ಲ್ಯಾಬ್ ಒಂದೇ ದಿನ, 8 ಗಂಟೆ. ಮೊದಲ 3 ಗಂಟೆ ಡಿಸೈನ್. ಒಂದು ಕಂಪನಿಯ ಮೇಲ್‌ಗಳು, ನಕ್ಷೆಗಳನ್ನು ಮುಂದಿಟ್ಟು ಪ್ರಶ್ನೆ ಕೇಳುತ್ತಾರೆ. ಒಂದು ಪ್ರಶ್ನೆ ದಾಟಿದರೆ ಮತ್ತೆ ಹಿಂದಕ್ಕೆ ಬರೋ ಹಾಗಿಲ್ಲ. ಉಳಿದ 5 ಗಂಟೆ ರೂಟರ್, ಸ್ವಿಚ್‌ಗಳ ಮೇಲೆ ಕೈಕೆಲಸ. ನಾನು ಬರೆದಿದ್ದು ಬೆಂಗಳೂರಿನಲ್ಲಿ. ವಿಜಯಪುರದಿಂದ ಒಂದು ರಾತ್ರಿಯ ರೈಲು.

ಮನೆಯಲ್ಲೇ ಲ್ಯಾಬ್ ಕಟ್ಟಿದೆ. ಸೆಕೆಂಡ್ ಹ್ಯಾಂಡ್ ಸರ್ವರ್ ಒಂದನ್ನು ತಂದು ಸಿಸ್ಕೋ ಮಾಡೆಲಿಂಗ್ ಲ್ಯಾಬ್ಸ್ ಅನ್ನೋ, ಕಂಪ್ಯೂಟರ್ ಒಳಗೇ ರೂಟರ್ ಓಡಿಸುವ ಸಾಫ್ಟ್‌ವೇರ್ ಹಾಕಿದೆ. ಅದರ ಪರ್ಸನಲ್ ಲೈಸೆನ್ಸ್‌ನಲ್ಲಿ 20 ನೋಡ್, ಅಂದರೆ ರೂಟರ್, ಸ್ವಿಚ್‌ನಂಥವು, ಓಡಿಸಬಹುದು. ರೂಟಿಂಗ್ (ಡೇಟಾಕ್ಕೆ ದಾರಿ ತೋರಿಸೋದು), ಡಿಎಂವಿಪಿಎನ್, ಎಂಪಿಎಲ್ಎಸ್‌ನಂಥ ವಿಷಯಗಳ ಅಭ್ಯಾಸಕ್ಕೆ ಅಷ್ಟು ಸಾಕು. ಕಚೇರಿಯ ಇಡೀ ನೆಟ್‌ವರ್ಕನ್ನು ಒಂದೇ ಕಡೆಯಿಂದ ನಡೆಸುವ ಎಸ್‌ಡಿ-ಆಕ್ಸೆಸ್ ಮಾತ್ರ ಮನೆಯಲ್ಲಿ ಆಗುವ ಮಾತಲ್ಲ, ಅದಕ್ಕೆ ಗಂಟೆ ಲೆಕ್ಕದಲ್ಲಿ ಆನ್‌ಲೈನ್ ಲ್ಯಾಬ್ ಬಾಡಿಗೆಗೆ ತಗೊಂಡೆ.

ಈ ರ್‍ಯಾಕ್ ಸರ್ವರ್‌ಗಳ ಫ್ಯಾನ್ ಸದ್ದು ಕೇಳಿದವರಿಗೇ ಗೊತ್ತು. "ಗಿರಣಿ ಬಂದ್ ಮಾಡಪಾ, ನಿದ್ದಿ ಬರವಲ್ದು" ಅಂತ ಅವ್ವ ದಿನಾ ರಾತ್ರಿ ಕೂಗುತ್ತಿದ್ದಳು. ಹಗಲು ಹಚ್ಚೋಣ ಅಂದರೆ ನಮ್ಮ ಕಡೆ ಏಪ್ರಿಲ್ ಬಿಸಿಲು. ಕೊನೆಗೆ ಬೆಳಗಿನ ಜಾವ 4ರಿಂದ 7 ಅಂತ ಗೊತ್ತು ಮಾಡಿಕೊಂಡೆ. ಒಂದು ದಿನ ಎರಡು ತಾಸಿನ ಕೆಲಸ ಸೇವ್ ಮಾಡಿರಲಿಲ್ಲ, ಕರೆಂಟ್ ಹೋಯಿತು, ಯುಪಿಎಸ್ ನಾಲ್ಕು ಸಲ ಕೂಗಿ ಸುಮ್ಮನಾಯಿತು. ಅವತ್ತಿನಿಂದ ಬೆರಳುಗಳು ತಾವಾಗಿಯೇ ಸೇವ್ ಮಾಡುವ 'ರೈಟ್ ಮೆಮೊರಿ' ಕಮಾಂಡ್ ಹೊಡೆಯುತ್ತವೆ.

ನನ್ನನ್ನು ಜಾಸ್ತಿ ಕಾಡಿದ್ದು ರೀಡಿಸ್ಟ್ರಿಬ್ಯೂಷನ್, ಅಂದರೆ ಒಂದು ರೂಟಿಂಗ್ ಭಾಷೆಯಲ್ಲಿ ಕಲಿತ ದಾರಿಗಳನ್ನು ಇನ್ನೊಂದಕ್ಕೆ ಹೇಳೋದು. ಇಐಜಿಆರ್‌ಪಿ, ಓಎಸ್‌ಪಿಎಫ್ ಅಂಥ ಎರಡು ಭಾಷೆಗಳು. ಇಐಜಿಆರ್‌ಪಿ ಒಂದು ಕಡೆ, ಓಎಸ್‌ಪಿಎಫ್ ಇನ್ನೊಂದು ಕಡೆ, ನಡುವೆ ಎರಡು ರೂಟರ್. ಎರಡೂ ರೂಟರ್ ಈ ಕಡೆಯ ದಾರಿಗಳನ್ನು ಆ ಕಡೆಗೆ, ಆ ಕಡೆಯದನ್ನು ಈ ಕಡೆಗೆ ಹೇಳುತ್ತವೆ. ಇಐಜಿಆರ್‌ಪಿಗೆ ಹೊರಗಿನಿಂದ ಬಂದ ದಾರಿಯ ಡಿಸ್ಟೆನ್ಸ್ (ಎಷ್ಟು ನಂಬಬೇಕು ಅನ್ನೋ ಅಂಕ) 170, ಓಎಸ್‌ಪಿಎಫ್‌ನದು 110. ಕಡಿಮೆ ಇದ್ದದ್ದನ್ನು ರೂಟರ್ ನಂಬುತ್ತದೆ. ಹಾಗಾಗಿ ಮೊದಲ ರೂಟರ್ ಓಎಸ್‌ಪಿಎಫ್‌ಗೆ ಹೇಳಿದ್ದನ್ನು ಕೇಳಿಸಿಕೊಂಡು ಎರಡನೇ ರೂಟರ್ ತನ್ನ ಹತ್ತಿರ ಇದ್ದ ಒಳ್ಳೆ ದಾರಿ ಬಿಟ್ಟು ಸುತ್ತು ಹಾಕುತ್ತದೆ, ಮೇಲಾಗಿ ಅದನ್ನೇ ತಿರುಗಿ ಇಐಜಿಆರ್‌ಪಿಗೆ ಹೇಳುತ್ತದೆ. ಗೋಳಗುಮ್ಮಟದಲ್ಲಿ ನಾವು ಕೂಗಿದ್ದೇ ನಮಗೆ ಮತ್ತೆ ಮತ್ತೆ ಕೇಳುತ್ತದಲ್ಲ, ಹಾಗೆ. ವ್ಯತ್ಯಾಸ ಏನಂದರೆ, ಅಲ್ಲಿ ಕೂಗಿದ್ದು ನಾವೇ ಅಂತ ನಮಗೆ ಗೊತ್ತಿರುತ್ತದೆ.

ದಾಟುವ ದಾರಿಗೆ ಟ್ಯಾಗ್ ಅನ್ನೋ ಗುರುತಿನ ಸಂಖ್ಯೆ ಹಾಕಿ, ಆ ಟ್ಯಾಗ್ ಇರುವುದನ್ನು ವಾಪಸ್ ಬಿಡಬೇಡ ಅಂದರೆ ಆಯಿತು ಅಂತ ಬಹಳ ಜನ ಹೇಳುತ್ತಾರೆ. ಅದು ಅರ್ಧ ಉತ್ತರ. ಟ್ಯಾಗ್‌ನಿಂದ ಮಾತು ತಿರುಗಿ ಬರುವುದು ನಿಲ್ಲುತ್ತದೆ, ಎರಡನೇ ರೂಟರ್ ಸುತ್ತು ಹಾಕೋದು ನಿಲ್ಲುವುದಿಲ್ಲ. ಅದಕ್ಕೆ ಡಿಸ್ಟೆನ್ಸ್ ಬದಲಿಸಬೇಕು, ಇಲ್ಲವೇ ಅದು ಓಎಸ್‌ಪಿಎಫ್‌ನಿಂದ ರೂಟಿಂಗ್ ಟೇಬಲ್‌ಗೆ (ರೂಟರ್ ಬಳಸುವ ದಾರಿಗಳ ಪಟ್ಟಿಗೆ) ಬರುವಾಗಲೇ ತಡೆಯಬೇಕು. ಇದನ್ನು ಕಾಗದದ ಮೇಲೆ ಬಾಣ ಬರೆದು ನೋಡೋವರೆಗೂ ನನ್ನ ತಲೆಗೆ ಹೋಗಿರಲಿಲ್ಲ.

ಇಷ್ಟು ಗೊತ್ತಿದ್ದೂ ಫೇಲಾದೆ. ಪ್ರಶ್ನೆ ಏನಿತ್ತು ಅಂತ ಹೇಳುವಂತಿಲ್ಲ, ಒಪ್ಪಿ ಸಹಿ ಹಾಕಿರುತ್ತೇವೆ. ತಪ್ಪಿನ ಜಾತಿ ಮಾತ್ರ ಹೇಳಬಹುದು. ಬೆಳಗ್ಗೆ ಸರಿ ಇದ್ದದ್ದನ್ನು ಸಂಜೆ ಮಾಡಿದ ಇನ್ನೊಂದು ಕೆಲಸ ಕೆಡಿಸಿತ್ತು, ನಾನು ತಿರುಗಿ ನೋಡಲೇ ಇಲ್ಲ. ಟೈಪಿಂಗ್ ಜೋರಿತ್ತು. ಅರ್ಧ ಗಂಟೆ ಮೊದಲೇ ಮುಗಿಸಿದೆ ಅಂತ ಖುಷಿಯಲ್ಲಿ ಹೊರಗೆ ಬಂದು ಚಹಾ ಕುಡಿದವನು ನಾನು! ಆಮೇಲೆ ಮೇಲ್ ಬಂತು.

ಫೇಲಾದ ವಾರವೇ ಡಂಪ್ (ಕದ್ದ ಪ್ರಶ್ನೋತ್ತರ) ಮಾರುವವನೊಬ್ಬ ಮೆಸೇಜ್ ಮಾಡಿದ್ದ. ಬ್ಲಾಕ್ ಮಾಡಿದೆ. ದೊಡ್ಡ ಆದರ್ಶ ಅಂತಲ್ಲ. ನಾಳೆ ಕಸ್ಟಮರ್ ನೆಟ್‌ವರ್ಕ್ ಬಿದ್ದಾಗ ರಾತ್ರಿ 2 ಗಂಟೆಗೆ ಫೋನ್ ಬರುವುದು ನನಗೇ ಅಲ್ವಾ?

ಎರಡನೇ ಸಲ ಹೊಸದಾಗಿ ಓದಿದ್ದು ಕಡಿಮೆ. ಕೈಕೆಲಸದ ಭಾಗದಲ್ಲಿ ಮೊದಲ ಅರ್ಧ ಗಂಟೆ ಕೀಬೋರ್ಡ್ ಮುಟ್ಟದೆ ಇಡೀ ಪ್ರಶ್ನೆಪತ್ರಿಕೆ ಓದಿ, ಯಾವ ಕೆಲಸ ಯಾವುದಕ್ಕೆ ತಗಲುತ್ತದೆ ಅಂತ ಗುರುತು ಹಾಕೋದು ರೂಢಿ ಮಾಡಿಕೊಂಡೆ. ಆಮೇಲೆ ಟಿಸಿಎಲ್. ಸಿಸ್ಕೋ ರೂಟರ್‌ನಲ್ಲಿ 'ಟಿಸಿಎಲ್ ಶೆಲ್' ಅಂತ ಸಣ್ಣ ಪ್ರೋಗ್ರಾಂ ಓಡಿಸುವ ಜಾಗ ಇದೆ. ಎಲ್ಲಾ ಐಪಿ ವಿಳಾಸಗಳ ಪಟ್ಟಿಯನ್ನು ಒಂದು 'ಫಾರ್‌ಈಚ್' ಸಾಲಿನಲ್ಲಿ ಹಾಕಿ, ಒಂದೊಂದಕ್ಕೂ ಪಿಂಗ್ ಮಾಡು (ಅಲ್ಲಿಗೆ ತಲುಪುತ್ತದಾ ನೋಡು) ಅಂತ ಪೇಸ್ಟ್ ಮಾಡಿದರೆ ಮುಗಿಯಿತು. ತಲುಪಿದ ಕಡೆ ಐದು ಆಶ್ಚರ್ಯಚಿಹ್ನೆ ಸಾಲಾಗಿ ಬರುತ್ತವೆ, ತಲುಪದ ಕಡೆ ಐದು ಚುಕ್ಕೆ. ನೋಟ್‌ಪ್ಯಾಡ್‌ನಲ್ಲಿ ಆ ಪಟ್ಟಿ ಇಟ್ಟುಕೊಂಡು, ಪ್ರತಿ ಕೆಲಸ ಮುಗಿದ ಮೇಲೂ ಓಡಿಸಿದೆ. ಪಿಂಗ್ ಹೋದರೆ ಎಲ್ಲಾ ಸರಿ ಅಂತಲ್ಲ. ದಾರಿ ಸುತ್ತು ಹಾಕುತ್ತಿದೆಯಾ ಅಂತ ನೋಡೋಕೆ ಎರಡು ಮೂರು ಕಡೆ ಟ್ರೇಸ್‌ರೂಟ್ ಬೇಕೇ ಬೇಕು. ಆದರೆ ಏನೋ ಮುರಿದರೆ ಆ ಚುಕ್ಕೆಗಳು ಅಲ್ಲೇ ಹೇಳಿಬಿಡುತ್ತವೆ.

ಪರೀಕ್ಷೆಯ ದಿನ ಮಧ್ಯಾಹ್ನ ಒಂದು ಸಾಲು ಚುಕ್ಕೆ ಬಂದೇ ಬಂತು. ಹೊಟ್ಟೆ ತಣ್ಣಗಾಯಿತು. ಹತ್ತು ನಿಮಿಷದ ಹಿಂದೆ ಮಾಡಿದ್ದರಲ್ಲೇ ತಪ್ಪಿರಬೇಕು ಅಂತ ಗೊತ್ತಿದ್ದರಿಂದ ಹುಡುಕೋದು ಕಷ್ಟವಾಗಲಿಲ್ಲ. ಈ ಸಲ ಕೊನೆ ನಿಮಿಷದವರೆಗೂ ಕೂತಿದ್ದೆ.

ಪಾಸಾದ ಮೇಲೆ ಸರ್ವರನ್ನು ಬಾಗಲಕೋಟೆಯ ಜೂನಿಯರ್ ಹುಡುಗನೊಬ್ಬನಿಗೆ ಕೊಟ್ಟೆ. ಮೊನ್ನೆ ಫೋನ್ ಮಾಡಿದ್ದ. ಬಿಜಿಪಿ ಅನ್ನೋ ರೂಟಿಂಗ್ ಭಾಷೆಯ ಬಗ್ಗೆ ಕೇಳುತ್ತಾನೇನೋ ಅಂದುಕೊಂಡೆ.

"ಸರ್, ಇದರ ಫ್ಯಾನ್ ಸೌಂಡ್ ಕಡಿಮಿ ಮಾಡೂದು ಹೆಂಗ್ರೀ?"

"ಆಗಂಗಿಲ್ಲಪಾ," ಅಂದೆ. "ಅವ್ವ ಮಲಗೋ ಖೋಲಿಯಿಂದ ದೂರ ಇಡು."